ಕೆಲಸ ಸಿಕ್ಕ ಮೇಲಿನ ಮೊದಲ ಆರು ತಿಂಗಳು

ಮಾನ್ಯ ಸಂಪಾದಕರೇ,

ಉದ್ಯೋಗ ಮೇಳ ನಡೆದ ಮಾರನೇ ದಿನ ಎಷ್ಟು ಕಂಪನಿ ಬಂದಿದ್ದವು, ಎಷ್ಟು ಮಂದಿಗೆ ಸ್ಥಳದಲ್ಲೇ ಆಫರ್ ಲೆಟರ್ ಸಿಕ್ಕಿತು ಎಂಬ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಆರು ತಿಂಗಳಾದ ಮೇಲೆ ಅವರಲ್ಲಿ ಎಷ್ಟು ಮಂದಿ ಕೆಲಸದಲ್ಲಿ ಉಳಿದಿದ್ದಾರೆ, ಬಿಟ್ಟವರು ಯಾಕೆ ಬಿಟ್ಟರು ಎಂದು ಒಂದು ಫೋನ್ ಮಾಡಿ ಕೇಳುವವರು ಮಾತ್ರ ಇಲ್ಲ. ದಾವಣಗೆರೆ, ಹರಿಹರದ ವರ್ಕ್‌ಶಾಪು, ಆಸ್ಪತ್ರೆ, ಬಟ್ಟೆ ಅಂಗಡಿ, ಲೆಕ್ಕಪತ್ರ ಕಚೇರಿಗಳಿಗೆ ಹೊಸಬರನ್ನು ಸೇರಿಸಿಕೊಳ್ಳುವ, ಅವರಿಗೆ ಕೆಲಸ ಕಲಿಸುವ ನಾವು ಕಂಡಂತೆ ಇಂಗ್ಲಿಷ್ ಬಾರದೆ ಕೆಲಸ ಕಳೆದುಕೊಂಡವರು ಕಡಿಮೆ. ಕಾಗದಪತ್ರ ಹೊಂದದೆ, ಹೇಳದೆ ಕೇಳದೆ ರಜೆ ಹಾಕಿ, ತಪ್ಪು ಮುಚ್ಚಿಟ್ಟು, ಸಂಬಳದ ಚೀಟಿ ಅರ್ಥವಾಗದೆ ಮುನಿಸಿಕೊಂಡು ಹೋದವರೇ ಹೆಚ್ಚು. ಇದೆಲ್ಲ ಕಾಲೇಜಿನ ಕೊನೆಯ ವರ್ಷದಲ್ಲಿ ಕಲಿಸಬಹುದಾದ ವಿಷಯ. ಪ್ಲೇಸ್‌ಮೆಂಟ್ ತರಬೇತಿ ಎಂದು ಆ್ಯಪ್ಟಿಟ್ಯೂಡ್ ಲೆಕ್ಕ, ಗ್ರೂಪ್ ಡಿಸ್ಕಷನ್ ಮಾಡಿಸುತ್ತಾರೆ, ಮಾಡಿಸಲಿ. ಅವು ಬಾಗಿಲ ತನಕ ತಂದು ಬಿಡುತ್ತವೆ, ಒಳಗೆ ಹೇಗಿರಬೇಕೆಂದು ಹೇಳುವುದಿಲ್ಲ.

ಹಿಂದೆ ಇದನ್ನು ಕಾಲೇಜು ಕಲಿಸಬೇಕಾದ ಅಗತ್ಯವೂ ಇರಲಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳು, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದಾಗ ಅಪ್ಪನೋ ಮಾವನೋ ಕೈಹಿಡಿದು ಗೇಟಿನೊಳಗೆ ಕರೆದೊಯ್ಯುತ್ತಿದ್ದರು, ಪಕ್ಕದ ಮೆಷಿನ್ನಿನ ಹಿರಿಯರು ತಿದ್ದುತ್ತಿದ್ದರು. ಅವು ಮುಚ್ಚಿದವು. ಈಗಿನ ಹುಡುಗರು ಇಂಥ ಹಿರಿಯರನ್ನು ನೋಡದೆಯೇ ಬೆಂಗಳೂರಿನ ಪೀಣ್ಯದ ಬಸ್ ಹತ್ತುತ್ತಾರೆ.

ಮೊದಲು ಕಾಗದಪತ್ರದ ಮಾತು, ಯಾಕೆಂದರೆ ತೊಡಕು ಶುರುವಾಗುವುದೇ ಅಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್’, ಆಧಾರ್‌ನಲ್ಲಿ ‘ಮಂಜುನಾಥ್ ಹಾಲೇಶಪ್ಪ’, ಪ್ಯಾನ್‌ನಲ್ಲಿ ‘ಹಾಲೇಶಪ್ಪ ಮಂಜುನಾಥ’, ಬ್ಯಾಂಕಿನಲ್ಲಿ ಬರೀ ‘ಮಂಜುನಾಥ’. ಊರಿನವರಿಗೆ ಇವನೊಬ್ಬನೇ, ಭವಿಷ್ಯ ನಿಧಿ (ಪಿಎಫ್) ಕಂಪ್ಯೂಟರಿಗೆ ನಾಲ್ಕು ಜನ. ಪಿಎಫ್‌ನ ಯುಎಎನ್ ಎಂಬ 12 ಅಂಕಿಯ ಸಂಖ್ಯೆಯ ವಿವರ ಆಧಾರ್‌ನ ಹೆಸರು, ಜನ್ಮ ದಿನಾಂಕ, ಲಿಂಗದೊಂದಿಗೆ ಹೊಂದಬೇಕು. ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಎ’ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ಸಾಕು, ಮುಂದೆ ಹಣ ತೆಗೆಯುವಾಗ ಅರ್ಜಿ ವಾಪಸ್ ಬರುತ್ತದೆ.

ತಿದ್ದುವುದಕ್ಕೂ ಒಂದು ಸರದಿ ಇದೆ. ಅಂಕಪಟ್ಟಿಯನ್ನು ಮೂಲ ಎಂದು ಹಿಡಿಯಿರಿ. ತಪ್ಪು ಅದರಲ್ಲೇ ಇದ್ದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಅದಕ್ಕೆ ಕಾಲ ಹಿಡಿಯುವುದರಿಂದ ಪಿಯುಸಿ ಓದುವಾಗಲೇ ಶುರು ಮಾಡುವುದು ಲೇಸು. ಅಂಕಪಟ್ಟಿ ಸರಿಯಿದ್ದರೆ ಅದಕ್ಕೆ ಹೊಂದುವಂತೆ ಆಧಾರ್, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮ ದಿನಾಂಕಕ್ಕೆ ಒಂದೇ. ಆಧಾರ್ ಕೇಂದ್ರದಲ್ಲಿ ಟೈಪ್ ಮಾಡುವವರ ಅವಸರಕ್ಕೆ ಒಂದು ಅವಕಾಶ ಬಲಿಯಾಗಬಾರದು, ಸ್ವೀಕೃತಿ ಚೀಟಿಯನ್ನು ಅಲ್ಲೇ ನಿಂತು ಒಂದೊಂದೇ ಅಕ್ಷರ ಓದಿ. ಪ್ಯಾನ್‌ಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಆಧಾರ್‌ನಲ್ಲೂ ಬಿಡಿಸಿಯೇ ಬರೆಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ಪ್ರತ್ಯೇಕವಾಗಿ ಇರುವುದರಿಂದ ‘ಎಚ್’ ಎಂದರೆ ಹಾಲೇಶಪ್ಪ ಎನ್ನುವುದಕ್ಕೆ ಪುರಾವೆ ಅಲ್ಲೇ ಸಿಗುತ್ತದೆ. ಇನ್ನು ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್: ಎಷ್ಟೋ ಮಕ್ಕಳದ್ದು ಊರಲ್ಲಿರುವ ಅಪ್ಪನ ನಂಬರು, ಇಲ್ಲವೇ ಆಫರ್‌ನಲ್ಲಿ ತಗೊಂಡು ಬಿಸಾಡಿದ ಸಿಮ್ಮು. ಒಟಿಪಿ ಯಾರಿಗೋ ಹೋಗುತ್ತಿದ್ದರೆ ಬೇರೆ ಎಲ್ಲ ಸರಿಯಿದ್ದೂ ಕೆಲಸ ನಿಲ್ಲುತ್ತದೆ.

ರೆಸ್ಯೂಮ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳ ಕಂಪ್ಯೂಟರಿನಲ್ಲಿ ನಮೂನೆ ಸಿದ್ಧವಿರುತ್ತದೆ, ಹೆಸರು ಬದಲಾಯಿಸಿ ಪ್ರಿಂಟ್ ಕೊಡುತ್ತಾರೆ. ಹಿಂದಿನವನ ತಂದೆಯ ಹೆಸರು, ಹಿಂದಿನವಳ ಹವ್ಯಾಸ ಹಾಗೇ ಉಳಿದ ರೆಸ್ಯೂಮ್‌ಗಳು ಮೇಜಿಗೆ ಬರುತ್ತವೆ. ಒಂದು ಪುಟ ಸಾಕು. ‘ಆಟೊಕ್ಯಾಡ್ ಗೊತ್ತು’ ಎಂಬುದರಿಂದ ನಮಗೇನೂ ತಿಳಿಯುವುದಿಲ್ಲ. ‘30×40 ನಿವೇಶನದ ಮನೆಗೆ ಪ್ಲಾನ್, ಸೆಕ್ಷನ್ ಬರೆದಿದ್ದೇನೆ’ ಎಂದರೆ ತಿಳಿಯುತ್ತದೆ. ‘ಟ್ಯಾಲಿಯಲ್ಲಿ ಪರ್ಚೇಸ್, ಸೇಲ್ಸ್ ಎಂಟ್ರಿ ಮಾಡಬಲ್ಲೆ; ಜಿಎಸ್‌ಟಿ ರಿಟರ್ನ್ ಸಲ್ಲಿಸುವುದನ್ನು ನೋಡಿದ್ದೇನೆ, ನಾನೇ ಸಲ್ಲಿಸಿಲ್ಲ’ ಎಂದು ಬರೆದವರನ್ನು ನಾವು ಮೊದಲು ಕರೆಯುತ್ತೇವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದವರ ಉಳಿದ ಸಾಲುಗಳನ್ನೂ ನಂಬಬಹುದು.

ಇಂಟರ್ನ್‌ಶಿಪ್ ವಿಷಯಕ್ಕೆ ಬಂದರೆ ಕಾಲೇಜುಗಳೂ ಸ್ವಲ್ಪ ಮುಜುಗರ ಪಡಬೇಕಾಗುತ್ತದೆ. ದುಡ್ಡು ಕೊಟ್ಟರೆ ಪ್ರಮಾಣಪತ್ರವೂ ಸಿಗುತ್ತದೆ, ಪ್ರಾಜೆಕ್ಟ್ ರಿಪೋರ್ಟೂ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಸಂದರ್ಶನದಲ್ಲಿ ಇದು ಬಯಲಾಗಲು ಐದು ನಿಮಿಷವೂ ಬೇಡ. ಬೆಳಗ್ಗೆ ಹೋದ ಕೂಡಲೇ ಯಾರಿಗೆ ವರದಿ ಮಾಡುತ್ತಿದ್ದಿರಿ, ಕೈಯಲ್ಲಿ ಹಿಡಿದ ಅಳತೆಯ ಸಾಧನ ಯಾವುದು, ಅಲ್ಲಿ ಯಾವುದು ಕೆಟ್ಟು ನಿಂತಿತ್ತು ಎಂದು ಕೇಳುತ್ತೇವೆ. ನಿಜವಾಗಿ ಹೋದವರು ಮೂರನೇ ಪ್ರಶ್ನೆಗೆ ನಗುತ್ತಾ ಉತ್ತರಿಸುತ್ತಾರೆ. ಹೋಗದವರಿಗೆ ಎಲ್ಲವೂ ಸರಿಯಾಗಿಯೇ ಇತ್ತು. ನಾಲ್ಕು ವಾರವಾದರೂ ಸರಿ, ಹೋದವರು 100 ಪುಟದ ಸಾದಾ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಅರ್ಧ ಪುಟ ಬರೆದಿಡಲಿ: ತಾರೀಖು, ಬಂದ ಹೊತ್ತು, ಯಾವ ಮೆಷಿನ್ನು ಅಥವಾ ಯಾವ ರಿಜಿಸ್ಟರು, ಏನು ಮಾಡಿದೆ, ಏನು ಅರ್ಥವಾಗಲಿಲ್ಲ. ವಾರಕ್ಕೊಮ್ಮೆ ಸೂಪರ್‌ವೈಸರ್ ಸಹಿ. ಮೇಷ್ಟ್ರು ಬೈಂಡ್ ಮಾಡಿದ ರಿಪೋರ್ಟನ್ನು ಪಕ್ಕಕ್ಕಿಟ್ಟು ಈ ನೋಟ್‌ಬುಕ್ಕಿಗೆ ಅಂಕ ಕೊಟ್ಟರೆ ಅರ್ಧ ವ್ಯಾಪಾರ ತಾನಾಗಿಯೇ ನಿಲ್ಲುತ್ತದೆ.

ಅಪ್ರೆಂಟಿಸ್‌ಶಿಪ್ ಅನ್ನು ನಮ್ಮ ಕಡೆ ಕೀಳಾಗಿ ಕಾಣುತ್ತಾರೆ, ‘ಕೆಲಸ ಅಲ್ಲ ಅದು’ ಎಂದು. ನಿಜ, 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟಳೆ ಮಾಲೀಕರಿಗೆ ಇಲ್ಲ. ಪಿಎಫ್, ಕಾರ್ಮಿಕರ ವಿಮೆಯಾದ ಇಎಸ್‌ಐ ಕೂಡ ಇರುವುದಿಲ್ಲ. ಆದರೆ ಒಪ್ಪಂದ ಪತ್ರ, ನಿಗದಿಯಾದ ಸ್ಟೈಪೆಂಡು, ಮುಗಿದ ಮೇಲೆ ಸರ್ಕಾರದ ಪ್ರಮಾಣಪತ್ರ ಇವು ಮೂರೂ ಇವೆ. ಕೊಂಡ ಇಂಟರ್ನ್‌ಶಿಪ್ ಹತ್ತು ಇದ್ದರೂ ಈ ಒಂದು ವರ್ಷಕ್ಕೆ ಸಮ ಆಗುವುದಿಲ್ಲ.

ಕೆಲಸಕ್ಕೆ ಸೇರಿದ ಮೇಲಿನ ಮೊದಲ ಜಗಳ ಸಂಬಳದ ದಿನ. ‘ಹೇಳಿದ್ದು 17 ಸಾವಿರದ ಮೇಲೆ, ಕೊಟ್ಟಿದ್ದು 13’ ಎಂದು ಮನೆಯವರು ಫೋನ್ ಮಾಡಿ ಕರೆಸಿಕೊಳ್ಳುತ್ತಾರೆ. ಮೋಸ ಮಾಡುವವರು ಇಲ್ಲವೆಂದಲ್ಲ, ಆದರೆ ಮೊದಲು ಲೆಕ್ಕ ನೋಡಬೇಕು. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ಎಂದು ಹಿಡಿಯಿರಿ. ಪಿಎಫ್ ಶೇ 12ರಂತೆ 1,800, ಇಎಸ್‌ಐ ಶೇ 0.75ರಂತೆ 113 ರೂಪಾಯಿ ಕಡಿತ. ಕೈಗೆ ಬರುವುದು 13,087. ಮಾಲೀಕರು ತಮ್ಮ ಪಾಲು ಪಿಎಫ್‌ಗೆ ಮತ್ತೆ 1,800, ಇಎಸ್‌ಐಗೆ ಶೇ 3.25ರಂತೆ 488 ಕಟ್ಟುತ್ತಾರೆ. ಇದನ್ನೂ ಕೂಡಿಸಿದರೆ 17,288, ಸಿಟಿಸಿ (ಒಬ್ಬರಿಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ) ಎಂದು ಆಫರ್ ಲೆಟರ್‌ನಲ್ಲಿ ಬರೆಯುವುದು ಈ ಮೊತ್ತವನ್ನು. ಕೆಲವರು ಇದಕ್ಕೆ ಬೋನಸ್ಸು, ಗ್ರಾಚ್ಯುಟಿ, ಕ್ಯಾಂಟೀನ್ ಊಟವನ್ನೂ ಸೇರಿಸಿ ಉಬ್ಬಿಸುತ್ತಾರೆ. ಆದ್ದರಿಂದ ಸಂದರ್ಶನದಲ್ಲೇ ‘ತಿಂಗಳಿಗೆ ಕೈಗೆ ಎಷ್ಟು ಬರುತ್ತೆ ಸರ್’ ಎಂದು ಕೇಳಿಬಿಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ, ಕೇಳಿದ್ದಕ್ಕೆ ಕೆಲಸ ಕೊಡದವರ ಹತ್ತಿರ ಸೇರದಿರುವುದೇ ಒಳ್ಳೆಯದು.

ಕಡಿತವೆಂದರೆ ಕಳೆದುಹೋದ ದುಡ್ಡು ಎಂಬ ತಿಳಿವಳಿಕೆ ಹೋಗಬೇಕು. ತಿಂಗಳ ವೇತನ 21,000 ಮೀರದವರಿಗೆ ಇಎಸ್‌ಐ ಅನ್ವಯಿಸುತ್ತದೆ. ಆ 113 ರೂಪಾಯಿಗೆ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ, ಇಎಸ್‌ಐ ಆಸ್ಪತ್ರೆ ದಾವಣಗೆರೆಯಲ್ಲೇ ಇದೆ. ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ನಿಂತುಹೋಗುತ್ತದೆಂದು ‘ಪಿಎಫ್ ಬೇಡ, ಕ್ಯಾಶ್ ಕೊಡಿ’ ಎನ್ನುವವರೂ ಬರುತ್ತಾರೆ. ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಅದೂ ಗರಿಷ್ಠ ಎರಡು ವರ್ಷ, ಮತ್ತು ಅದು ಕೆಲಸ ಇಲ್ಲದವರಿಗೆ. ಕ್ಯಾಶ್ ಕೆಲಸ ಎರಡು ವರ್ಷ ಮಾಡಿದರೂ ಮುಂದಿನ ಕಂಪನಿಗೆ ತೋರಿಸಲು ಒಂದು ಚೀಟಿ ಇರುವುದಿಲ್ಲ.

ಇನ್ನು ರಜೆ. ಬೆಳಗಿನ ಶಿಫ್ಟ್ 6ಕ್ಕೆ ಶುರುವಾದರೆ ಯಾವ ಮೆಷಿನ್ನಿಗೆ ಯಾರು ಎಂಬ ಹಂಚಿಕೆ 5.45ಕ್ಕೇ ಮುಗಿದಿರುತ್ತದೆ. 6.10ಕ್ಕೆ ‘ಸರ್ ಇವತ್ತು ಬರಕ್ಕಾಗಲ್ರೀ’ ಎಂದು ವಾಟ್ಸ್‌ಆ್ಯಪ್ ಬಂದರೆ ಆ ಮೆಷಿನ್ ನಿಂತಿತು, ಇಲ್ಲವೇ ರಾತ್ರಿ ಶಿಫ್ಟಿನವನನ್ನು ಇನ್ನೂ ನಾಲ್ಕು ತಾಸು ನಿಲ್ಲಿಸಿಕೊಂಡೆವು. ಸಂದೇಶ ಹೀಗಿರಲಿ: ‘ಸರ್, ಎರಡನೇ ಲೇತ್‌ನ ಮಂಜುನಾಥ. ಜ್ವರ ಇದೆ, ನಾಳೆ ಬೆಳಗಿನ ಶಿಫ್ಟಿಗೆ ಬರಲಾಗದು. ನಾಡಿದ್ದು ಬರುವ ಬಗ್ಗೆ ನಾಳೆ ಸಂಜೆ 6ರೊಳಗೆ ತಿಳಿಸುವೆ. ಉಳಿದ 14 ಪೀಸ್ ಹಸಿರು ಟ್ರೇಯಲ್ಲಿವೆ, ಅಳತೆ ಆಗಿಲ್ಲ.’ ಯಾರು, ಯಾವ ಶಿಫ್ಟು, ಎಂದಿನವರೆಗೆ, ಅರ್ಧಕ್ಕೆ ನಿಂತ ಕೆಲಸ ಎಲ್ಲಿದೆ ಎಂಬುದೆಲ್ಲ ನಾಲ್ಕು ಸಾಲಿನಲ್ಲಿ ಬಂತು. ಹಿಂದಿನ ರಾತ್ರಿಯೇ ಬಂದರೆ ಯಾವ ಸೂಪರ್‌ವೈಸರೂ ಮುಖ ಗಂಟಿಕ್ಕುವುದಿಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ತಾರೀಖು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಆ ವಾರ ಇಡೀ ಶಿಫ್ಟಿಗೆ ಒಟ್ಟಿಗೆ ಜ್ವರ ಬಂದರೆ ಅದು ಯಾವ ಜ್ವರ ಎಂದು ನಮಗೂ ಗೊತ್ತಾಗುತ್ತದೆ. ಜಾತ್ರೆ ಎಂದೇ ಹದಿನೈದು ದಿನ ಮುಂಚೆ ಕೇಳಿ, ಸರದಿ ಮೇಲೆ ಬಿಡುತ್ತೇವೆ.

ಇದಕ್ಕಿಂತ ದುಬಾರಿ ಬೀಳುವುದು ಹೇಳದೆ ಬಿಟ್ಟ ತಪ್ಪು. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಲೇತ್‌ನಲ್ಲಿ 40 ಮಿ.ಮೀ. ವ್ಯಾಸದ ಶಾಫ್ಟ್ ತೆಗೆಯುತ್ತಿದ್ದಾರೆ ಎನ್ನಿ. ಲೋಹ ಕತ್ತರಿಸುವ ಇನ್‌ಸರ್ಟ್ ಎಂಬ ಬಿಲ್ಲೆ ಸವೆದಂತೆ ಹೊರವ್ಯಾಸ ನಿಧಾನಕ್ಕೆ ಹೆಚ್ಚುತ್ತದೆ. ಆಪರೇಟರ್ ವೇರ್ ಆಫ್‌ಸೆಟ್‌ನಲ್ಲಿ, ಅಂದರೆ ಸವೆತ ಸರಿದೂಗಿಸಲು ಮೆಷಿನ್ನಿಗೆ ಕೊಡುವ ತಿದ್ದುಪಡಿಯಲ್ಲಿ, ಮೈನಸ್ 0.05 ಕೊಟ್ಟು ಅಳತೆಗೆ ತರುತ್ತಾನೆ. ಇಲ್ಲಿಯವರೆಗೆ ಸರಿ. ಶಿಫ್ಟ್ ಮುಗಿಯುವ ಹೊತ್ತಿಗೆ ಹೊಸ ಇನ್‌ಸರ್ಟ್ ಕೂರಿಸುತ್ತಾನೆ, ಕೊಟ್ಟಿದ್ದ ಆಫ್‌ಸೆಟ್ ತೆಗೆಯುವುದು ಮರೆಯುತ್ತಾನೆ, ಯಾರಿಗೂ ಹೇಳದೆ ಬಸ್ಸಿಗೆ ಓಡುತ್ತಾನೆ. ಮುಂದಿನವನ ಮೊದಲ ಪೀಸೇ 0.05 ಕಡಿಮೆ. ವ್ಯಾಸ ಹೆಚ್ಚಿದ್ದರೆ ಇನ್ನೊಂದು ಕಟ್ ಕೊಡಬಹುದು, ಕಡಿಮೆಯಾದ ಪೀಸು ನೇರ ಸ್ಕ್ರ್ಯಾಪಿಗೆ. ಮುಂದಿನವನೂ ಮೊದಲ ಪೀಸನ್ನು ಮೈಕ್ರೊಮೀಟರ್ ಹಿಡಿದು ನೋಡದಿದ್ದರೆ ಟ್ರೇ ಪೂರ್ತಿ ಸ್ಕ್ರ್ಯಾಪು. ಶಿಫ್ಟ್ ಪುಸ್ತಕದಲ್ಲಿ ‘ಇನ್‌ಸರ್ಟ್ ಬದಲಿಸಿದೆ, ಆಫ್‌ಸೆಟ್ ನೋಡಿ’ ಎಂದು ಒಂದು ಸಾಲು ಬರೆದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಬರೆಯದಿರುವುದಕ್ಕೆ ಕಾರಣ ಸೋಮಾರಿತನವೇ ಆಗಿರಬೇಕಿಲ್ಲ, ಬೈಗುಳದ ಭಯವೂ ಇರುತ್ತದೆ. ಹೇಳಿದವನನ್ನು ಎಲ್ಲರೆದುರು ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ ಎಂಬುದನ್ನು ನಮ್ಮ ಸೂಪರ್‌ವೈಸರ್‌ಗಳೂ ಕಲಿಯಬೇಕು.

ಬಿಲ್ಲಿಂಗ್ ಕೌಂಟರಿನಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಸಂಜೆ ಗಲ್ಲಾ ಮುಚ್ಚುವಾಗ 500 ರೂಪಾಯಿ ಕಡಿಮೆ. ಹೆದರಿದ ಹುಡುಗಿ ಕೈಯಿಂದ ಹಾಕಿ ಸರಿಮಾಡುತ್ತಾಳೆ. ಮಾರನೇ ದಿನ ನೋಡಿದರೆ ಬಿಲ್ ಎರಡು ಸಲ ಆಗಿತ್ತಷ್ಟೇ, ದುಡ್ಡು ಎಲ್ಲೂ ಹೋಗಿರಲಿಲ್ಲ. ಆ ಬಿಲ್ ರದ್ದಾದ ಕೂಡಲೇ ಗಲ್ಲಾದಲ್ಲಿ 500 ಹೆಚ್ಚು ಬರುತ್ತದೆ, ಆಡಿಟರ್ ಕಣ್ಣಿಗೆ ಬೀಳುವುದು ಅದೇ. ಕಡಿಮೆ ಬಂದರೂ ಹೆಚ್ಚು ಬಂದರೂ ಇದ್ದದ್ದನ್ನೇ ಬರೆದು, ಅಂದೇ ಮೇಲಿನವರ ಸಹಿ ಹಾಕಿಸಬೇಕು. ಕೈಯಿಂದ ದುಡ್ಡು ಹಾಕುವುದು ಪ್ರಾಮಾಣಿಕತೆಯಂತೆ ಕಂಡರೂ ಲೆಕ್ಕಕ್ಕೆ ಅದೊಂದು ಸುಳ್ಳು ಎಂಟ್ರಿ.

ಕೆಲಸ ಬಿಡುವುದು ಅಪರಾಧವಲ್ಲ, ಎಲ್ಲರೂ ಒಂದು ದಿನ ಬಿಡುತ್ತಾರೆ. ಸಂಬಳ ಬ್ಯಾಂಕಿಗೆ ಬಿದ್ದ ರಾತ್ರಿ ಫೋನ್ ಸ್ವಿಚ್ ಆಫ್ ಮಾಡಿ ಊರಿಗೆ ಹೋಗುವುದಿದೆಯಲ್ಲ, ಅದರಿಂದ ಹಾಳಾಗುವುದು ಬಿಟ್ಟವರದೇ ದಾಖಲೆ. ನೇಮಕಾತಿ ಪತ್ರದಲ್ಲಿ ನೋಟಿಸ್ ಎಷ್ಟು ದಿನ ಎಂದು ನೋಡಿ, ರಾಜೀನಾಮೆಯನ್ನು ಇಮೇಲಿನಲ್ಲಿ ಕಳಿಸಿ ಕೊನೆಯ ದಿನಾಂಕ ಬರೆಯಿರಿ. ಕೈಯಲ್ಲಿದ್ದ ಕೆಲಸದ ಪಟ್ಟಿ ಕೊಟ್ಟು, ಐಡಿ ಕಾರ್ಡು, ಟೂಲು, ಲಾಕರ್ ಕೀ ಒಪ್ಪಿಸಿ ಸಹಿ ಪಡೆಯಿರಿ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕೈಗೆ ಬರಲಿ. ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ನೋಡಬೇಕು. ಮಾಲೀಕರು ಹಾಕದಿದ್ದರೆ ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಸದಸ್ಯರೇ ಪೋರ್ಟಲ್‌ನಲ್ಲಿ ಹಾಕಬಹುದು. ಹೊಸ ಕಂಪನಿಗೆ ಹಳೆಯ ಯುಎಎನ್ ಅನ್ನೇ ಕೊಡಿ. ‘ಇದೇ ಮೊದಲ ಕೆಲಸ’ ಎಂದು ಸುಳ್ಳು ಹೇಳಿ ಎರಡನೇ ಯುಎಎನ್ ಮಾಡಿಸಿಕೊಂಡವರು ಮುಂದೆ ಅವೆರಡನ್ನೂ ಒಂದು ಮಾಡಿಸಲು ಪಿಎಫ್ ಕಚೇರಿಗೆ ಅಲೆಯುತ್ತಾರೆ.

ಹುಡುಗರಿಗೆ ಇಷ್ಟೆಲ್ಲ ಹೇಳಿ ಮಾಲೀಕರನ್ನು ಬಿಟ್ಟರೆ ನ್ಯಾಯವಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 6ಎ ಕಲಮಿನಂತೆ ಸೇರಿದ 30 ದಿನದೊಳಗೆ ಹುದ್ದೆ, ವೇತನ, ಷರತ್ತು ಬರೆದ ನೇಮಕಾತಿ ಪತ್ರ ಕೊಡಬೇಕು. ಎಷ್ಟು ಅಂಗಡಿಗಳಲ್ಲಿ ಕೊಡುತ್ತಿದ್ದಾರೆ? ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ದಿನದ ಸಂಬಳ ಕೊಡದೆ ತೆಗೆಯುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ನೋಟಿಸ್ ಕೊಡದೆ ಹುಡುಗ ಹೋದ ಎಂದು ದೂರುವವರು ತಾವು ನೋಟಿಸ್ ಕೊಟ್ಟೇ ಕಳಿಸುತ್ತಾರೆಯೇ ಎಂದು ಕೇಳಿಕೊಳ್ಳಲಿ. ಬಿಟ್ಟು ಹೋಗದಿರಲಿ ಎಂದು ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿ ಇಟ್ಟುಕೊಳ್ಳುವುದು ನಿಲ್ಲಬೇಕು. ಮಕ್ಕಳೂ ಅಷ್ಟೇ, ಮೂಲ ಪ್ರತಿ ತೋರಿಸಿ ವಾಪಸ್ ತನ್ನಿ, ಜೆರಾಕ್ಸ್ ಅಥವಾ ಡಿಜಿಲಾಕರ್ ಪ್ರತಿ ಕೊಟ್ಟು ಬನ್ನಿ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಸಮಿತಿಯ ಸದಸ್ಯರು ಯಾರು ಎಂದು ಸೇರಿದ ದಿನವೇ ಕೇಳಿಟ್ಟುಕೊಳ್ಳುವುದು ಹುಡುಗಿಯರ ಹಕ್ಕು.

ಕೆಲಸ ಕೊಡಿಸಲು ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ‘ಬ್ಯಾಕ್‌ಡೋರ್’ ಎಂದು ದುಡ್ಡು ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಆನ್‌ಲೈನ್‌ನಲ್ಲಿ ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ದಾವಣಗೆರೆ ಮತ್ತು ಚಿತ್ರದುರ್ಗದ ಪದವಿ, ಡಿಪ್ಲೊಮಾ, ಐಟಿಐ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಮ್ಮ ಕೋರಿಕೆ ಇಷ್ಟು: ಕೊನೆಯ ವರ್ಷದ ಮೊದಲ ಸೆಮಿಸ್ಟರಿನಲ್ಲೇ ವಾರಕ್ಕೆ ಎರಡು ತಾಸಿನಂತೆ ಐದು ವಾರ ಇದಕ್ಕೆ ಕೊಡಿ. ಪರೀಕ್ಷೆ ಮುಗಿದ ಮೇಲೆ ಮಾಡಿದರೆ ಆಧಾರ್, ಪ್ಯಾನ್ ತಿದ್ದಿಸಲು ಸಮಯ ಉಳಿಯುವುದಿಲ್ಲ. ಪಾಠ ಹೇಳಲು ನಮ್ಮಲ್ಲಿ ಕೆಲವರು ಬರುತ್ತೇವೆ, ಗೌರವಧನ ಬೇಡ, ಶಾಲು ಹಾರವೂ ಬೇಡ. ಇನ್ನೂರು ಮಂದಿಯನ್ನು ಸೆಮಿನಾರ್ ಹಾಲಿನಲ್ಲಿ ಕೂರಿಸಿ ಮೈಕ್ ಕೊಡಬೇಡಿ. ಒಂದು ಸಲಕ್ಕೆ ಮೂವತ್ತು ಮಂದಿ, ಪ್ರತಿಯೊಬ್ಬರ ಕೈಯಲ್ಲೂ ತಮ್ಮ ಅಂಕಪಟ್ಟಿ, ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಮತ್ತು ಒಂದು ಕೆಂಪು ಪೆನ್ನು ಇರಲಿ.

ಇಂತಿ,
ಉದ್ಯೋಗ ತರಬೇತುದಾರರು ಹಾಗೂ ಮೇಲ್ವಿಚಾರಕರು,
ದಾವಣಗೆರೆ